ಕಿರ್ದಿಯಿಲ್ಲದ ಖಾತೆ

ಸರಳತೆಯೇ ಸದ್ಗುಣವೆಂದು ನಾವು ತರಗತಿಯಲ್ಲಿ ಬೋಧಿಸುತ್ತ ಬಂದವರು. ಆ ಮಾತಿಗೆ ತಿದ್ದುಪಡಿಯನ್ನು ಕಲಿಸಿದುದು ಹೆಬ್ಬೆರಳಿನಷ್ಟು ಉದ್ದದ ಒಂದು ಪೆನ್ ಡ್ರೈವ್.

ಕಳೆದ ಮಳೆಗಾಲದ ಒಂದು ಸಂಜೆ ವಿದ್ಯಾರ್ಥಿಗಳ ಪ್ರಬಂಧಗಳನ್ನು ಶಾಲೆಯ ಗಣಕಯಂತ್ರದಲ್ಲಿ ಬೆರಳಚ್ಚಿಸಿ, ನೇರವಾಗಿ ಅದರಲ್ಲಿ ಉಳಿಸುತ್ತಿದ್ದೆವು. ಅಷ್ಟರಲ್ಲಿ ವಿದ್ಯುತ್ತು ಹೋಯಿತು. ಬೆಳಕು ಮರಳಿದ ಮೇಲೆ ನೋಡಿದರೆ ಕಡತದ ಹೆಸರಿತ್ತು. ಒಳಗೆ ಒಂದಕ್ಷರವೂ ಇರಲಿಲ್ಲ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಅಜ್ಜಿಯನ್ನು ಕುರಿತು ಬರೆದ ಪ್ರಬಂಧವದು. ಬೆರಳಚ್ಚು ಮುಗಿಯಿತೆಂಬ ಧೈರ್ಯದಿಂದ ಅವಳ ಕೈಬರಹದ ಹಾಳೆಯನ್ನೂ ನಾವು ಕಾಪಾಡಿರಲಿಲ್ಲ.

ಆ ಪೆನ್ ಡ್ರೈವಿನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮಕ್ಕೆ ‘ಫ್ಯಾಟ್’ ಎಂದು ಹೆಸರು. ಅದರ ರಚನೆ ಬಹು ಸರಳ: ಕಡತದ ಹೆಸರೂ ಅದರ ಮೊದಲ ತುಂಡಿನ ಸ್ಥಾನವೂ ಒಂದೆಡೆ, ಯಾವ ತುಂಡಿನ ಬಳಿಕ ಯಾವುದು ಎಂಬ ಪಟ್ಟಿ ಇನ್ನೊಂದೆಡೆ. ಸರಳವಾದುದರಿಂದಲೇ ಕ್ಯಾಮರಾದಿಂದ ಗಣಕದವರೆಗೆ ಬಗೆಬಗೆಯ ಯಂತ್ರಗಳು ಅದನ್ನು ಓದಬಲ್ಲವು. ಆದರೆ ಒಂದು ಕಡತವನ್ನು ಉಳಿಸಲು ಹಲವೆಡೆ ತಿದ್ದಬೇಕು. ನಡುವೆ ವಿದ್ಯುತ್ತು ಹೋದರೆ ಒಂದು ಕಡೆಯ ಲೆಕ್ಕ ಇನ್ನೊಂದು ಕಡೆಗೆ ತಾಳೆಯಾಗದು.

ಅಂಗಡಿಯವರು ಈ ಅಪಾಯವನ್ನು ಎಂದೋ ಅರಿತಿದ್ದರು. ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು, ಬಳಿಕ ಖಾತೆಗೆ ಏರಿಸುವುದು ಅವರ ಪದ್ಧತಿ. 1990ರ ದಶಕದಲ್ಲಿ ಲಿನಕ್ಸ್ ಗಣಕಗಳು ಬಳಸುತ್ತಿದ್ದ ‘ಇಎಕ್ಸ್‌ಟಿ-2’ ಕ್ರಮಕ್ಕೂ ಕಿರ್ದಿ ಇರಲಿಲ್ಲ. ಯಂತ್ರ ಹಠಾತ್ತನೆ ನಿಂತರೆ ಡಿಸ್ಕನ್ನು ಆದ್ಯಂತ ಪರೀಕ್ಷಿಸಬೇಕಾಗುತ್ತಿತ್ತು. ಸ್ಟೀಫನ್ ಟ್ವೀಡಿಯವರು ಅದಕ್ಕೊಂದು ಕಿರ್ದಿಯನ್ನು ಸೇರಿಸಿದರು. 2001ರಲ್ಲಿ ಅದು ‘ಇಎಕ್ಸ್‌ಟಿ-3’ ಎಂಬ ಹೆಸರಿನಿಂದ ಲಿನಕ್ಸಿನ ಭಾಗವಾಯಿತು. ಮಾಡಬೇಕಾದ ತಿದ್ದುಪಡಿ ಮೊದಲು ಕಿರ್ದಿಗೆ ಹೋಗುತ್ತದೆ. ಯಂತ್ರ ಮತ್ತೆ ಎದ್ದಾಗ, ಪೂರ್ಣವಾಗಿ ಬರೆದ ನಮೂದನ್ನು ಖಾತೆಗೆ ಏರಿಸುತ್ತದೆ, ಅರೆಬರೆಯದನ್ನು ಕೈಬಿಡುತ್ತದೆ. ಇದಕ್ಕಾಗಿ ಹಳೆಯ ಮನೆಯನ್ನು ಕೆಡವಬೇಕಾಗಲಿಲ್ಲ. ಹಳೆಯ ರಚನೆ ಹಾಗೆಯೇ ಉಳಿಯಿತು. ಬಳಸುವವನಿಗೆ ಹೊಸದಾಗಿ ಕಲಿಯಬೇಕಾದ ಹೊರೆಯೂ ಬರಲಿಲ್ಲ.

ಕಿರ್ದಿಗೆ ಬೆಲೆಯುಂಟು: ಅದರಲ್ಲಿ ನಮೂದಾದುದನ್ನು ಎರಡು ಸಲ ಬರೆಯಬೇಕು. ಅದೂ ಸಾಮಾನ್ಯವಾಗಿ ಕಾಯುವುದು ಕಡತಗಳ ಲೆಕ್ಕವನ್ನು. ಡಿಸ್ಕನ್ನು ಇನ್ನೂ ತಲುಪದ ಅಕ್ಷರಗಳನ್ನು ಅದು ಮರಳಿಸಲಾರದು. ಆದರೂ ನಿಜವಾದ ನಷ್ಟವೊಂದನ್ನು ಕಂಡು, ಅದನ್ನು ತಡೆಯುವಷ್ಟನ್ನೇ ಸೇರಿಸಿದ ಜಟಿಲತೆಯನ್ನು ನಾವು ಹಳಿಯಲಾರೆವು. ಅಂತಹ ನಷ್ಟವಿಲ್ಲದೆ ಸೇರಿಸುವುದೆಲ್ಲ ಆಡಂಬರ.

ಹುಡುಗಿ ಪ್ರಬಂಧವನ್ನು ಮತ್ತೆ ಬರೆದುಕೊಟ್ಟಳು. “ಮೊದಲಿನಷ್ಟು ಚೆನ್ನಾಗಿ ಬರಲಿಲ್ಲ, ಸಾರ್” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಈ ಸಲದ ಹಾಳೆ ನಮ್ಮ ಮೇಜಿನ ಖಾನೆಯಲ್ಲಿ ಭದ್ರವಾಗಿದೆ.