ಆ ನೀರಿನ ಜೀವ ಆ ನೀರಿಗೆ

ನಮ್ಮದು ಮಂಜೇಶ್ವರ. ಹಿರಿಯರಿಂದ ಬಂದದ್ದು ಅಡಿಕೆ ವ್ಯಾಪಾರ. ಬಾಯಾರು, ಪೆರ್ಲ, ಪಡ್ರೆ ಕಡೆಯ ಬೆಳೆಗಾರರು ತಂದ ಚೀಲದಿಂದ ಒಂದು ಹಿಡಿ ತೆಗೆದು, ನಾಲ್ಕು ಅಡಿಕೆ ಕತ್ತರಿಸಿ ನೋಡಿ ದರ ಹೇಳುವುದು ನಮ್ಮ ದಿನನಿತ್ಯದ ಕೆಲಸ. ಕಣ್ಣಿಗೆ ಕಂಡರೆ ಸಾಕು, ಮಾಲು ಹೇಗಿದೆಯೆಂದು ತಿಳಿಯುತ್ತದೆ ಎಂಬ ಅಭಿಮಾನ ನನಗಿತ್ತು. ಆ ಅಭಿಮಾನವನ್ನು ಇಳಿಸಿದ್ದು ಮನೆಯ ಚಾವಡಿಯಲ್ಲಿರುವ ಒಂದು ಗಾಜಿನ ತೊಟ್ಟಿ.

ಎರಡು ವರ್ಷಗಳ ಹಿಂದೆ ತಂಗಿಯ ಮಗ ಉದ್ಯೋಗಕ್ಕೆಂದು ಪರದೇಶಕ್ಕೆ ಹೊರಟಾಗ ತನ್ನ ನೂರು ಲೀಟರಿನ ಉಪ್ಪುನೀರಿನ ತೊಟ್ಟಿಯನ್ನು ನನ್ನ ಮಗಳಿಗೆ ಒಪ್ಪಿಸಿ ಹೋದ. ಅದರಲ್ಲಿ ಕಿತ್ತಳೆ ಮೈಗೆ ಬಿಳಿ ಪಟ್ಟಿಯಿರುವ ಒಂದು ಜೊತೆ ಕ್ಲೌನ್ ಮೀನು, ಆರು ಬಸವನಹುಳು, ಮೂರು ಸಣ್ಣ ಸಿಗಡಿ. ನನ್ನ ತಾಯಿಗೆ ಇದು ಒಪ್ಪಿಗೆಯಾಗಲಿಲ್ಲ. "ಜೀವವನ್ನು ಗಾಜಿನೊಳಗೆ ಕೂಡಿಹಾಕುವುದು ನಮ್ಮ ಮನೆಯ ಕ್ರಮವಲ್ಲ" ಎಂದರು. ಆದರೆ ನಾವಾಗಿ ಕೊಂಡು ತಂದದ್ದಲ್ಲವಲ್ಲ. ಸ್ವಲ್ಪ ಹೊತ್ತು ಯೋಚಿಸಿ ಅವರೇ ಹೇಳಿದರು: "ಆಶ್ರಯಕ್ಕೆ ಬಂದ ಜೀವವನ್ನು ಹೊರಗೆ ಹಾಕಲಾಗದು. ಇಟ್ಟುಕೊಂಡ ಮೇಲೆ ಸರಿಯಾಗಿ ನೋಡಿಕೊಳ್ಳಿ."

ತೊಟ್ಟಿಯ ನೀರು ದಿನವೂ ಒಂದೆರಡು ಲೀಟರಿನಷ್ಟು ಆವಿಯಾಗುತ್ತದೆ. ನೀರು ಮಾತ್ರ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದಷ್ಟು ಸಿಹಿನೀರನ್ನೇ ತುಂಬಬೇಕು. ನಾನು ಮನೆಯಲ್ಲಿ ಯಾವ ನೀರು ಅತ್ಯುತ್ತಮವೋ ಅದನ್ನೇ ತುಂಬಿದೆ: ನಮ್ಮ ಬಾವಿಯ ನೀರು, ತಾಯಿಯವರು ಮಡಿಸಿದ ಬಟ್ಟೆಯಲ್ಲಿ ಸೋಸಿ ತಾಮ್ರದ ಕೊಡದಲ್ಲಿಟ್ಟದ್ದು. ನಾವು ಕುಡಿಯುವುದೂ ಅದನ್ನೇ. ಅದಕ್ಕಿಂತ ಶುದ್ಧ ನೀರು ಎಲ್ಲಿ ಸಿಗಬೇಕು?

ಮೂರು ವಾರ ಕಳೆಯುವಷ್ಟರಲ್ಲಿ ಬಸವನಹುಳುಗಳು ಗಾಜಿನಿಂದ ಕಳಚಿ ಕೆಳಗೆ ಬಿದ್ದವು. ಮರುದಿನ ಸಿಗಡಿಗಳು ಸತ್ತವು. ಮೀನುಗಳು ಮಾತ್ರ ಮೂಲೆ ಸೇರಿ ಉಸಿರಾಡುತ್ತಿದ್ದವು. ಮಗಳು ಅಂದು ಊಟ ಮಾಡಲಿಲ್ಲ. ಹುಡುಗನಿಗೆ ಫೋನ್ ಮಾಡಿದಾಗ ಅವನು ಕೇಳಿದ ಮೊದಲ ಪ್ರಶ್ನೆ: "ಮಾವ, ನೀರನ್ನು ಯಾವ ಪಾತ್ರೆಯಲ್ಲಿಡುತ್ತೀರಿ?"

ತಪ್ಪು ನನ್ನದೇ ಎಂದು ಆಗ ತಿಳಿಯಿತು. ನಮ್ಮ ಮುರಕಲ್ಲಿನ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ತುಸು ಆಮ್ಲದ ಗುಣದ್ದು. ನಮ್ಮ ಬಾವಿಯದು ಪಿಎಚ್ 6ಕ್ಕಿಂತ ಕೆಳಗಿತ್ತು. ಸಮುದ್ರದ ನೀರು 8ಕ್ಕಿಂತ ಮೇಲೆ. ಆಮ್ಲದ ನೀರು ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಮನುಷ್ಯರಿಗೆ ಅಷ್ಟು ತಾಮ್ರದಿಂದ ತೊಂದರೆಯಿಲ್ಲ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡದಲ್ಲಿ, ಬೇರೆ ನೀರು ಸಿಗದಿದ್ದಾಗ ಲೀಟರಿಗೆ 1.5 ಮಿಲಿಗ್ರಾಂವರೆಗೆ ತಾಮ್ರಕ್ಕೆ ಅವಕಾಶವಿದೆ. ಸಿಗಡಿ, ಬಸವನಹುಳುಗಳಿಗೆ ಅದರ ಸಣ್ಣ ಪಾಲೂ ವಿಷ. ಮೇಲಾಗಿ, ನೀರು ಆವಿಯಾದರೂ ತಾಮ್ರ ಆವಿಯಾಗುವುದಿಲ್ಲ. ದಿನದಿನವೂ ಸಾಲದ ಬಡ್ಡಿಯಂತೆ ಅದು ತೊಟ್ಟಿಯಲ್ಲಿ ಬೆಳೆದಿತ್ತು. ನಾನು ಪುಣ್ಯವೆಂದು ಹೊಯ್ದ ನೀರು ಒಂಬತ್ತು ಜೀವಗಳನ್ನು ತೆಗೆದಿತ್ತು.

ಉಳಿದ ಎರಡು ಮೀನುಗಳಿಗಾಗಿ ಮಗಳೂ ನಾನೂ ನೀರು ಹುಡುಕಲು ಹೊರಟೆವು. ಸಣ್ಣ ಪರೀಕ್ಷಾ ಪೆಟ್ಟಿಗೆ, ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ಒಂದು ಟಿಡಿಎಸ್ ಮೀಟರ್ ತರಿಸಿದೆವು. ಅಂಗಡಿಯ ಖಾತೆ ಪುಸ್ತಕದಂತೆ ಅವಳು ನೀರಿಗೂ ಒಂದು ಪುಸ್ತಕ ಮಾಡಿದಳು.

ಸಮುದ್ರ ಹತ್ತಿರವೇ ಇದೆಯಲ್ಲ ಎಂದು ಮೊದಲು ಅಲ್ಲಿಗೇ ಹೋದೆವು. ಮೇ ತಿಂಗಳಲ್ಲಿ ಹೈಡ್ರೋಮೀಟರ್ 1.025 ತೋರಿಸಿತು, ಅಂದರೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಬೇಕಾದದ್ದು ಅಷ್ಟೇ. ಆದರೆ ಆಟಿ ತಿಂಗಳಲ್ಲಿ ಹೊಳೆಯ ಅಳಿವೆಯ ಬಳಿ ನೋಡಿದರೆ ಅರ್ಧಕ್ಕೂ ಇಳಿದಿತ್ತು. ಕಾಸರಗೋಡು ಜಿಲ್ಲೆಯ ಹನ್ನೆರಡು ಹೊಳೆಗಳು ಮಳೆಗಾಲದಲ್ಲಿ ಮಣ್ಣನ್ನೂ ಊರಿನ ಕೊಳೆಯನ್ನೂ ಹೊತ್ತು ಕಡಲಿಗೆ ಸುರಿಯುತ್ತವೆ. ದೋಣಿ ನಿಲ್ಲುವಲ್ಲಿ ನೀರಿನ ಮೇಲೆ ಎಣ್ಣೆಯ ಪೊರೆ. ದಡದ ನೀರು ಕಡಲಿನ ನೀರಲ್ಲ ಎಂದು ಆ ದಿನ ಅರ್ಥವಾಯಿತು.

ನಳ್ಳಿ ನೀರಿಗೆ ಕ್ಲೋರಿನ್ ಬೆರೆಸುತ್ತಾರೆ. ನಮ್ಮ ಆರೋಗ್ಯಕ್ಕೆ ಅದು ಬೇಕು, ಮೀನಿನ ಕಿವಿರಿಗೆ ಅದು ಬೆಂಕಿ. ಅದೂ ಅಲ್ಲದೆ ಕಾಸರಗೋಡು ಪೇಟೆಯವರಿಗೆ ಗೊತ್ತೇ ಇದೆ: ಬಾವಿಕ್ಕೆರೆಯಲ್ಲಿ ಶಾಶ್ವತ ತಡೆಗೋಡೆ ಆಗುವ ಮೊದಲು ಬೇಸಿಗೆಯಲ್ಲಿ ಉಬ್ಬರದ ನೀರು ಚಂದ್ರಗಿರಿ ಹೊಳೆಯಲ್ಲಿ ಮೇಲೇರಿ, ನಳ್ಳಿಯಲ್ಲೇ ಉಪ್ಪುನೀರು ಬರುತ್ತಿತ್ತು. ಒಂದೇ ಹೊಳೆಯ ನೀರು ತಿಂಗಳು ತಿಂಗಳಿಗೆ ಬೇರೆಯಾಗುತ್ತದೆ. ಒಮ್ಮೆ ನೋಡಿ ನಂಬುವಂತಿಲ್ಲ.

ನನಗೆ ಪರಿಚಯದ ಬೆಳೆಗಾರರೊಬ್ಬರು ತಮ್ಮ ಸುರಂಗದ ನೀರು ಕೊಡುತ್ತೇನೆಂದರು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ಹನಿಯುವ ತಂಪು ನೀರು ನಮ್ಮ ಜಿಲ್ಲೆಯ ಹೆಮ್ಮೆ. ಅದನ್ನು ಬೊಗಸೆಯಲ್ಲಿ ಕುಡಿಯುತ್ತಿದ್ದಾಗ ಹಳೆಯ ಕಥೆಯೊಂದು ನೆನಪಾಯಿತು. ಪಡ್ರೆಯ ಜನರೂ ಹೀಗೆಯೇ ತಿಳಿಯಾದ, ಸಿಹಿಯಾದ ನೀರು ಕುಡಿದವರು. ಮೇಲಿನ ಗೇರು ತೋಟಗಳಿಗೆ ಪ್ಲಾಂಟೇಶನ್ ಕಾರ್ಪೊರೇಷನ್ ಇಪ್ಪತ್ತಕ್ಕೂ ಹೆಚ್ಚು ವರ್ಷ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಅದರ ಬಣ್ಣ, ರುಚಿ ಯಾರಿಗೂ ನೀರಿನಲ್ಲಿ ಕಾಣಲಿಲ್ಲ. ಊರಿನ ವೈದ್ಯರೂ ಪತ್ರಕರ್ತರೂ ಕೂಗಿ ಹೇಳಿದ ಮೇಲೆ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ನೀರು, ರಕ್ತ ಮುಂತಾದವನ್ನು ಪರೀಕ್ಷಿಸಿ 2001ರಲ್ಲಿ ವಿಷ ಇದೆಯೆಂದರು. ಸುಪ್ರೀಂ ಕೋರ್ಟಿನ ನಿಷೇಧ ಬಂದದ್ದು 2011ರಲ್ಲಿ. ಮೀನುಗಳ ಮಟ್ಟಿಗೆ ಎಂಡೋಸಲ್ಫಾನ್ ಅತಿ ಘೋರ ವಿಷಗಳಲ್ಲೊಂದು. ಇಂದಿನ ಆ ನೀರಿನ ಮೇಲೆ ನಾನು ದೋಷ ಹೊರಿಸುತ್ತಿಲ್ಲ. ಆದರೆ ಬೊಗಸೆಯ ನೀರು ಗಂಟಲಲ್ಲಿ ಇಳಿಯುವಾಗ, ಕಣ್ಣು ನಾಲಗೆಗಳ ಸಾಕ್ಷಿ ಎಷ್ಟು ಬಡವೆಂದು ಅನಿಸಿತು.

ಕೊನೆಗೆ ಆರ್‌ಒ ಯಂತ್ರದ ನೀರಿಗೆ ಬಂದೆವು. ಟಿಡಿಎಸ್ 10ಕ್ಕಿಂತ ಕಡಿಮೆ ಬರುವಂಥದ್ದು ಬೇಕು. ಈಗ ಕುಡಿಯುವ ನೀರಿಗೆಂದು ಮಾರುವ ಕೆಲವು ಯಂತ್ರಗಳು ತಾವಾಗಿ ತಾಮ್ರ ಬೆರೆಸುತ್ತವೆ. ಅಂಥದ್ದು ತೊಟ್ಟಿಗೆ ಬೇಡ. ಆ ಮೀಟರ್ ಎಷ್ಟು ಕರಗಿದೆ ಎಂದಷ್ಟೇ ಹೇಳುತ್ತದೆ, ಏನು ಕರಗಿದೆ ಎಂದು ಹೇಳುವುದಿಲ್ಲ. ಆದ್ದರಿಂದ ತಾಮ್ರ, ಅಮೋನಿಯಾ, ನೈಟ್ರೇಟುಗಳನ್ನು ಬೇರೆಯಾಗಿಯೇ ನೋಡಬೇಕು. ಉಪ್ಪಿನ ಲೋಭವೂ ಒಂದಿತ್ತು: ಬಾಡಿಗೆಗೆ ಕೊಟ್ಟ ದಿನಸಿ ಅಂಗಡಿಯಲ್ಲಿ ಹರಳುಪ್ಪಿನ ಚೀಲವೇ ಇದೆಯಲ್ಲ ಎಂದು. ಆದರೆ ಗದ್ದೆಯಲ್ಲಿ ಉಪ್ಪು ಹರಳಾಗುವಾಗ ಕಡಲಿನ ಮೆಗ್ನೀಸಿಯಂ, ಕ್ಯಾಲ್ಸಿಯಂಗಳ ಬಹುಪಾಲು ಬೇರೆಯಾಗಿಬಿಡುತ್ತದೆ. ತೊಟ್ಟಿಗೆಂದೇ ಮಾಡಿದ ಉಪ್ಪನ್ನು ತರಿಸಿ, ಪ್ಲಾಸ್ಟಿಕ್ ಬಕೆಟಿನಲ್ಲಿ ಒಂದು ದಿನ ಕಲಕಿಟ್ಟು, 1.025 ಬಂದ ಮೇಲೆಯೇ ಹದಿನೈದು ದಿನಕ್ಕೊಮ್ಮೆ ಹತ್ತು ಲೀಟರ್ ಬದಲಿಸುತ್ತೇವೆ. ಯಂತ್ರ ಹೊರಬಿಡುವ ನೀರು ಪಾತ್ರೆ ತೊಳೆಯಲು, ಗಿಡಗಳಿಗೆ.

ತೊಟ್ಟಿಯಿಂದ ತೆಗೆದ ಹಳೆಯ ಉಪ್ಪುನೀರನ್ನು ಮಗಳು ಮೊದಲ ಸಲ ಹೊಳೆಗೆ ಸುರಿಯಲು ಹೊರಟಿದ್ದಳು. ತಾಯಿಯವರು ತಡೆದರು. ನೀರು ಸೋಸಿದ ಮೇಲೆ ಅವರು ಬಟ್ಟೆಯನ್ನು ಮಗುಚಿ ಅದೇ ಬಾವಿಯ ನೀರಿನಿಂದ ತೊಳೆದು, ಆ ನೀರನ್ನು ಮೆಲ್ಲಗೆ ಅದೇ ಬಾವಿಗೆ ಇಳಿಸುವುದನ್ನು ನಾನು ಬಾಲ್ಯದಿಂದ ಕಂಡಿದ್ದೇನೆ. "ಆ ನೀರಿನ ಜೀವ ಆ ನೀರಿಗೇ ಹೋಗಬೇಕು. ಬೇರೆ ನೀರಿಗೆ ಹಾಕಿದರೆ ಅದೂ ಕೆಡುತ್ತದೆ, ಇದೂ ಕೆಡುತ್ತದೆ" ಎಂದರು. ಅಮೆರಿಕದ ಫ್ಲೋರಿಡಾ ಕರಾವಳಿಯಲ್ಲಿ 1985ರಲ್ಲಿ ಮೊದಲು ಕಂಡ ಪರದೇಶದ ಸಿಂಹಮೀನು, ಸಾಕಿದವರು ತೊಟ್ಟಿಯಿಂದ ಬಿಟ್ಟದ್ದೆಂದೇ ತಿಳಿದವರು ಹೇಳುತ್ತಾರೆ. ಇಂದು ಅದು ಆ ಕಡಲಿನ ಎಷ್ಟೋ ಸಣ್ಣ ಮೀನುಗಳನ್ನು ತಿಂದು ಮುಗಿಸುತ್ತಿದೆ. ನಮ್ಮ ಹಳೆಯ ನೀರು ಈಗ ಹೊಳೆಗೂ ಕಡಲಿಗೂ ಹೋಗುವುದಿಲ್ಲ, ಅಂಗಳದ ಇಂಗುಗುಂಡಿಯಿಂದಲೂ ದೂರ, ಬಚ್ಚಲಿಗೆ ಹೋಗುತ್ತದೆ.

ತಾಯಿಯವರ ಆ ಮಾತಿನಲ್ಲಿ ನಮ್ಮ ಪುಸ್ತಕದ ಅಷ್ಟೂ ಅಂಕಿಗಳು ಇದ್ದವು. ನಾನು ಅವರ ಬಟ್ಟೆಯನ್ನು ಹಿಡಿದಿದ್ದೆ, ಮಾತನ್ನು ಮರೆತಿದ್ದೆ. ನಮಗೆ ಒಳ್ಳೆಯ ನೀರು ಇನ್ನೊಂದು ಜೀವಕ್ಕೂ ಒಳ್ಳೆಯದೆಂದು ತಿಳಿದದ್ದೇ ನನ್ನ ತಪ್ಪು. ಹೊಸ ಸಿಗಡಿ ತರೋಣವೇ ಎಂದು ಮಗಳನ್ನು ಕೇಳಿದೆ. "ಬೇಡಪ್ಪ, ಇರುವ ಎರಡಕ್ಕೆ ಲೆಕ್ಕ ಸರಿಯಾಗಿ ಬರೆದರೆ ಸಾಕು" ಎಂದಳು. ನಮ್ಮ ಬಂಧುಗಳ ಮನೆಗಳಲ್ಲಿಯೂ ಈಗ ಮಕ್ಕಳು ತೊಟ್ಟಿ ಬೇಕೆಂದು ಕೇಳುತ್ತಾರೆ. ಬೇಡವೆಂದರೆ ಬಹಳ ಒಳ್ಳೆಯದು. ಅನಿವಾರ್ಯವಾದರೆ ಮೀನು ತರುವ ಮೊದಲು ನೀರನ್ನು ಪರೀಕ್ಷಿಸಿ. ಹಾಗೆಯೇ ಆ ಪೆಟ್ಟಿಗೆಯಿಂದ ನಿಮ್ಮ ಬಾವಿಯ ನೀರನ್ನೂ ಒಮ್ಮೆ ನೋಡಿ.