ಅಪ್ಪಯ್ಯ ಬರೆದ ಹನ್ನೆರಡು ಪದ

ನನ್ನ ಹಳೆಯ ವ್ಯಾಲೆಟ್ ಕೈಕೊಟ್ಟದ್ದು 2024ರ ಏಪ್ರಿಲ್ 20ರಂದು. ಜೇಬಿನ ವ್ಯಾಲೆಟ್ ಅಲ್ಲ, ಮೊಬೈಲಿನ ಬಿಟ್‌ಕಾಯಿನ್ ಆ್ಯಪ್.

ಹಗಲು ಲೋವರ್ ಪರೇಲಿನಲ್ಲಿ ಆಫೀಸು. ರಾತ್ರಿ ಡೊಂಬಿವಲಿಯ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಬರ್ಲಿನ್ನಿನ ಒಬ್ಬಾತನ ಪಾಡ್‌ಕಾಸ್ಟ್‌ನ ಧ್ವನಿ ತಿದ್ದುವುದು ನನ್ನ ಎರಡನೇ ಕೆಲಸ. ಒಂದು ಕಂತಿಗೆ ಎರಡು ಸಾವಿರ ರೂಪಾಯಿಯ ಆಸುಪಾಸು ಸಿಗುತ್ತದೆ. ಅಷ್ಟು ಸಣ್ಣ ಮೊತ್ತವನ್ನು ಬ್ಯಾಂಕಿನ ಮೂಲಕ ತರಿಸಿದರೆ ಎರಡೂ ಕಡೆಯ ಶುಲ್ಕಕ್ಕೇ ದೊಡ್ಡ ಪಾಲು ಹೋಗುತ್ತಿತ್ತು. ಹಾಗಾಗಿ ಆತ ಬಿಟ್‌ಕಾಯಿನ್ ಕಳಿಸುತ್ತಿದ್ದ. ನಮ್ಮೊಳಗೆ ಕೊಟ್ಟು ತೆಗೆದುಕೊಳ್ಳಲು ಯುಪಿಐ ಇರುವಾಗ ಇದರ ಗೊಡವೆ ಯಾರಿಗೂ ಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ. ಮಾರುವಾಗ ಲಾಭಕ್ಕೆ ಶೇ. 30 ತೆರಿಗೆ, ಮಾರಿದ ಮೊತ್ತದ ಮೇಲೆ ಶೇ. 1 ಟಿಡಿಎಸ್, ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬಿಡುವುದಿಲ್ಲ. ಶೋಕಿಗೆ ಇಟ್ಟುಕೊಳ್ಳುವ ವಸ್ತುವಲ್ಲ.

ಆ ದಿನ ನಮ್ಮ ಬೆಳಗಿನ ಐದೂವರೆ ದಾಟುವ ಹೊತ್ತಿಗೆ ಬಿಟ್‌ಕಾಯಿನ್‌ನ 8,40,000ನೇ ಬ್ಲಾಕ್ ಬಂತು. ಗಣಿಗಾರರಿಗೆ ಸಿಗುವ ಹೊಸ ನಾಣ್ಯ 6.25ರಿಂದ 3.125ಕ್ಕೆ ಇಳಿಯಿತು. ಅದೇ ಬ್ಲಾಕಿನಿಂದ 'ರೂನ್ಸ್' ಎಂಬ ಹೊಸ ಟೋಕನ್‌ಗಳೂ ಶುರುವಾಗಿ, ಅವನ್ನು ಮಾಡಿಕೊಳ್ಳುವವರ ನೂಕುನುಗ್ಗಲಿನಲ್ಲಿ ಒಂದು ವ್ಯವಹಾರದ ಸರಾಸರಿ ಶುಲ್ಕ 100 ಡಾಲರ್ ದಾಟಿತು. ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್, ಅದರಲ್ಲಿ ಇರುವ ಜಾಗ ಇಷ್ಟೇ. ಹೆಚ್ಚು ಕೊಟ್ಟವನಿಗೆ ಮೊದಲು ಸೀಟು. ಬರ್ಲಿನ್ನಿನವ ಹಿಂದಿನ ರಾತ್ರಿ ಹಳೆಯ ದರದಲ್ಲೇ ಕಳಿಸಿದ್ದ ನನ್ನ ಎರಡು ಸಾವಿರ, ವಿರಾರ್ ಲೋಕಲ್ಲಿಗೆ ದಾದರಿನಲ್ಲಿ ಹತ್ತಲು ನಿಂತ ಮುದುಕನ ಹಾಗೆ ಕೆಲವು ದಿನ ಪ್ಲಾಟ್‌ಫಾರ್ಮಿನಲ್ಲೇ ಉಳಿಯಿತು.

"ಇನ್ನು ಲೈಟ್ನಿಂಗ್‌ಗೆ ಬಾ" ಎಂದ ಆತ. ನಾನು ಫೀನಿಕ್ಸ್ ಎಂಬ ವ್ಯಾಲೆಟ್ ಆರಿಸಿಕೊಂಡೆ. ಪ್ಯಾರಿಸ್ಸಿನ ಎಸಿಐಎನ್‌ಕ್ಯೂ ಎಂಬ ಕಂಪೆನಿಯದ್ದು. ಆದರೆ ಹಳೆಯದರಲ್ಲಿದ್ದುದನ್ನು ಸಾಗಿಸುವುದು ಅಂದುಕೊಂಡಷ್ಟು ಸಲೀಸಾಗಿರಲಿಲ್ಲ. ಬಿಟ್‌ಕಾಯಿನ್‌ನಲ್ಲಿ ಶುಲ್ಕ ಬೀಳುವುದು ಮೊತ್ತಕ್ಕಲ್ಲ, ವ್ಯವಹಾರ ಬ್ಲಾಕಿನಲ್ಲಿ ಎಷ್ಟು ಜಾಗ ಹಿಡಿಯುತ್ತದೆ ಎಂಬುದಕ್ಕೆ. ನನಗೆ ಬಂದಿದ್ದೆಲ್ಲ ಎರಡೆರಡು ಸಾವಿರದ ಚಿಲ್ಲರೆ. ಒಂದು ಲಕ್ಷವನ್ನು ಒಂದೇ ಕಂತಿನಲ್ಲಿ ಪಡೆದವನಿಗಿಂತ, ಮೂವತ್ತು ಸಲ ಚಿಲ್ಲರೆ ಪಡೆದ ನಾನು ಸಾಗಿಸಲು ಎಷ್ಟೋ ಹೆಚ್ಚು ತೆರಬೇಕು. ದರ ಇಳಿಯಲಿ ಎಂದು ಕಾದು, ಒಂದು ಭಾನುವಾರ ಬೆಳಗಿನ ಜಾವ ಎದ್ದು ಎಲ್ಲವನ್ನೂ ಸಾಗಿಸಿದೆ.

ಮುಂದಿನ ಕಂತಿನ ಹಣ ಬಂದಾಗ ಅಪ್ಪಯ್ಯ ಪಕ್ಕದಲ್ಲೇ ಚಾ ಕುಡಿಯುತ್ತಿದ್ದರು. ಕ್ಯೂಆರ್ ಕೋಡ್ ಕಳಿಸಿದೆ, ಅವರು ಲೋಟ ಕೆಳಗಿಡುವುದರೊಳಗೆ ಹಣ ಬಂದಾಗಿತ್ತು. ಹೇಗೆಂದು ಕೇಳಿದರು. ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಮೂವತ್ತೆರಡು ವರ್ಷ ಕೂತವರಿಗೆ ಹೇಳುವುದು ಕಷ್ಟವಾಗಲಿಲ್ಲ. ತರಕಾರಿಯವನಿಗೆ ದಿನಾ ಬ್ಯಾಂಕಿಗೆ ಹೋಗಿ ಹಣ ಕಟ್ಟುತ್ತಿದ್ದಿರಾ? ಇಬ್ಬರ ಬಳಿಯೂ ಪುಸ್ತಕ, ದಿನವೂ ಬರೆಯುವುದು, ಕೊನೆಗೊಮ್ಮೆ ಲೆಕ್ಕ ಚುಕ್ತಾ. ಇಲ್ಲಿಯೂ ಇಬ್ಬರ ನಡುವೆ ಒಂದಿಷ್ಟು ಬಿಟ್‌ಕಾಯಿನ್ ಕಟ್ಟಿಟ್ಟು ಖಾತೆ ತೆರೆಯುತ್ತಾರೆ. ಕೊಡುಕೊಳ್ಳುವುದೆಲ್ಲ ಆ ಖಾತೆಯೊಳಗೇ. ನನಗೂ ಬರ್ಲಿನ್ನಿನವನಿಗೂ ನೇರ ಖಾತೆ ಇಲ್ಲದಿದ್ದರೂ ನಡುವಿನವರ ಖಾತೆಗಳ ಮೂಲಕ ದಾಟಿ ಬರುತ್ತದೆ, ನಡುವಿನವ ನುಂಗಲಾಗದ ಹಾಗೆ ಬೀಗ ಹಾಕಿರುತ್ತಾರೆ. ಖಾತೆ ತೆರೆಯಲು ಮೊದಲು ಒಂದಿಷ್ಟು ಖರ್ಚು. ಆಮೇಲೆ ನಾನು ಕಳಿಸಿದರೆ ನೂರಕ್ಕೆ ನಲವತ್ತು ಪೈಸೆಯ ಲೆಕ್ಕ.

ಎಲ್ಲ ಕೇಳಿ ಅಪ್ಪಯ್ಯ ಅಂದದ್ದು ಒಂದೇ ಮಾತು. "ನಾಳೆ ನಿಂಗೆ ಏನಾರೂ ಆದ್ರೆ, ಈ ದುಡ್ಡ್ ಎಲ್ಲಿತ್ತ್ ಅಂತ ಯಾರಿಗ್ ಗೊತ್ತ್ ಮಗಾ?"

ಆ ಪ್ರಶ್ನೆ ಎಲ್ಲಿಂದ ಬಂತೆಂದು ನನಗೆ ಗೊತ್ತು. ಹೋಟೆಲಿನಲ್ಲಿ ಅವರ ಜೊತೆ ಒಂದೇ ಕೋಣೆಯಲ್ಲಿ ಮಲಗುತ್ತಿದ್ದ ಅಡುಗೆಯವರು ಒಂದು ಮಳೆಗಾಲದಲ್ಲಿ ದಿಢೀರನೆ ತೀರಿಕೊಂಡರು. ಸಂಬಳದಲ್ಲಿ ಉಳಿಸಿದ್ದನ್ನು ಅವರು ಅಲ್ಲಿಷ್ಟು ಇಲ್ಲಿಷ್ಟು ಎಂದು ನಂಬಿದವರ ಕೈಯಲ್ಲಿ ಇಟ್ಟಿದ್ದರು. ಯಾರ ಕೈಯಲ್ಲಿ ಎಂದು ಬರೆದಿಟ್ಟಿರಲಿಲ್ಲ. ಟ್ರಂಕನ್ನು ಕುಂದಾಪುರದ ಹತ್ತಿರದ ಅವರ ಮನೆಗೆ ಹೊತ್ತುಕೊಂಡು ಹೋದವರು ಅಪ್ಪಯ್ಯ. ಆ ಮನೆಯಾಕೆ ಟ್ರಂಕಿನ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ ನೋಡಿದ್ದನ್ನು ಅವರು ನಮಗೆ ಎಷ್ಟೋ ಸಲ ಹೇಳಿದ್ದಾರೆ.

ಈ ವ್ಯಾಲೆಟ್ಟಿನ ಕೀಲಿಕೈ ಹನ್ನೆರಡು ಇಂಗ್ಲಿಷ್ ಪದಗಳು. ಫೋನ್ ಕಳೆದರೂ ಅವನ್ನು ಅದೇ ಕ್ರಮದಲ್ಲಿ ಹೊಡೆದರೆ ಹಣ ಸಿಗುತ್ತದೆ. ಬೇರೆಯವರಿಗೆ ಸಿಕ್ಕರೆ ಅವರದ್ದಾಗುತ್ತದೆ. ಯಾರಿಗೂ ಸಿಗದಿದ್ದರೆ ಮುಗಿಯಿತು, ಅರ್ಜಿ ಕೊಡಲು ಮ್ಯಾನೇಜರ್ ಇಲ್ಲ. ನಾನು ಬರೆದದ್ದು ಒಂದೇ ಚೀಟಿ, ಅದೂ ಆಫೀಸಿನ ಬ್ಯಾಗಿನಲ್ಲಿ. ದಿನಾ ಲೋಕಲ್ಲಿನಲ್ಲಿ ಓಡಾಡುವ ಬ್ಯಾಗು! ಹೆಂಡತಿಗೆ ಅದರ ಸುದ್ದಿಯೇ ಗೊತ್ತಿರಲಿಲ್ಲ.

"ಹೇಳ್, ಬರ್ಕಂತೆ" ಎಂದು ಅಪ್ಪಯ್ಯ ಕನ್ನಡಕ ಹಾಕಿದರು. ಅವರಿಗೆ ಬರುವುದು ಕನ್ನಡ ಲಿಪಿ. ನಾನು ಮೆಲ್ಲಗೆ ಹೇಳಿದೆ, ಅವರು ಗಲ್ಲಾದ ಗುಂಡು ಅಕ್ಷರದಲ್ಲಿ ಬರೆದರು. ಸರಿಯಿದೆಯೇ ಎಂದು ನೋಡಬೇಕಲ್ಲ. ಈ ವ್ಯಾಲೆಟ್ಟನ್ನು ಒಂದೇ ಹೊತ್ತಿಗೆ ಎರಡು ಫೋನಿನಲ್ಲಿ ನಡೆಸಬಾರದು. ನನ್ನ ಫೋನಿನಿಂದ ಅಳಿಸಿ, ನನ್ನ ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಹೆಂಡತಿಯ ಹಳೆಯ ಫೋನನ್ನು ಅವಳ ಕೈಗೇ ಕೊಟ್ಟೆ. ಅಪ್ಪಯ್ಯನ ಹಾಳೆ ನೋಡಿ ಅವಳೇ ಹೊಡೆಯಬೇಕು. ಹನ್ನೊಂದು ಪದ ಸರಾಗವಾಗಿ ಕೂತವು. ಒಂದು ಮಾತ್ರ ಪಟ್ಟಿಯಲ್ಲೇ ಇಲ್ಲ ಎಂದಿತು. ಕನ್ನಡದಲ್ಲಿ ಒಂದೇ ಥರ ಬರೆಯುವ ಎರಡು ಇಂಗ್ಲಿಷ್ ಪದಗಳಲ್ಲಿ ಅವಳು ಇನ್ನೊಂದನ್ನು ಹೊಡೆದಿದ್ದಳು. ಯಾವ ಪದ ಎಂದು ಇಲ್ಲಿ ಬರೆಯುವಂತಿಲ್ಲ, ಕ್ಷಮಿಸಿ.

"ನೀವ್ ಬರ್ದದ್ ಸರಿಯೇ ಇತ್ತ್ ಮಾವ" ಎಂದಳು ಅವಳು. ಅಪ್ಪಯ್ಯ ಒಪ್ಪಲಿಲ್ಲ. ಆ 2048 ಪದಗಳ ಪಟ್ಟಿಯಲ್ಲಿ ಮೊದಲ ನಾಲ್ಕು ಅಕ್ಷರ ನೋಡಿದರೆ ಸಾಕು, ಪದ ಯಾವುದೆಂದು ತಿಳಿಯುತ್ತದೆ. ಅದನ್ನು ಹೇಳಿದ್ದೇ ತಡ, ಪ್ರತಿಯೊಂದು ಪದದ ಎದುರಿಗೂ ನಾಲ್ಕು ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು 'ಎ', 'ಬಿ', 'ಸಿ' ಎಂದು ಕನ್ನಡದಲ್ಲೇ ಬರೆಸಿಕೊಂಡರು. ಎರಡನೇ ಸಲ ಹನ್ನೆರಡೂ ಕೂತು, ಹಣ ತೆರೆಯ ಮೇಲೆ ಕಾಣಿಸಿತು.

ಹಾಳೆಯನ್ನು ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಪ್ಪಯ್ಯ ಒಳಗೆ ಹೋದರು, ಹಿಂದೆಯೇ ನನ್ನ ಹೆಂಡತಿ. ಎಲ್ಲಿಟ್ಟಿದ್ದಾರೆಂದು ಅವರಿಬ್ಬರಿಗೆ ಗೊತ್ತು. ನನಗೆ ಹೇಳಿಲ್ಲ.