ಕಂಬದಿಂದ ಕಂಬಕ್ಕೆ

ಬೆಂಗಳೂರಿನ ಯಾವುದಾದರೂ ಹಳೇ ಬಡಾವಣೆಯಲ್ಲಿ ನಿಂತು ಒಮ್ಮೆ ತಲೆಯೆತ್ತಿ ನೋಡಿ. ಆಕಾಶಕ್ಕಿಂತ ಮುಂಚೆ ಕಣ್ಣಿಗೆ ಬೀಳುವುದು ಕರಿ ಕೇಬಲ್ಲು. ಲೈಟು ಕಂಬದಿಂದ ಹೊಂಗೆ ಮರಕ್ಕೆ, ಅಲ್ಲಿಂದ ಯಾರದೋ ಮೂರನೇ ಮಹಡಿಯ ನೀರಿನ ಟ್ಯಾಂಕಿಗೆ, ಟ್ಯಾಂಕಿನಿಂದ ಎದುರು ಮನೆಯ ತೆಂಗಿನ ಮರಕ್ಕೆ ಹಾರಿಕೊಂಡು ಹೋಗಿರುತ್ತದೆ. ಮುಂದೆಂದಾದರೂ ಬೇಕಾದೀತು ಎಂದು ಬಿಟ್ಟ ಹೆಚ್ಚುವರಿ ಕೇಬಲ್ಲು ಸುರುಳಿ ಸುತ್ತಿಕೊಂಡು ಕೊಂಬೆಗೆ ಜೋತಿರುತ್ತದೆ. ಈಗ ಎಲ್ಲವೂ ಕ್ಲೌಡಿನಲ್ಲಿದೆ ಅಂತ ಐಟಿಯವರು ಹೇಳುತ್ತಾರಲ್ಲ, ಇರಬಹುದು. ಅಲ್ಲಿಗೆ ಹತ್ತುವ ದಾರಿ ಮಾತ್ರ ಹೊಂಗೆ ಮರದ ಮೇಲೇ.

ಈ ದಾರಿಯನ್ನು ಮೊದಲು ಹಾಕಿದವನು ಇಂಜಿನಿಯರಲ್ಲ, ಕೇಬಲ್ಲಿನವನು. 1991ರಲ್ಲಿ ಕೊಲ್ಲಿ ಯುದ್ಧವನ್ನು ಸಿಎನ್‌ಎನ್ ಮನೆಯೊಳಕ್ಕೇ ತಂದು ತೋರಿಸಿದ ಮೇಲೆ ಊರೂರಲ್ಲಿ ಡಿಶ್ಶುಗಳೆದ್ದವು. ವಿಡಿಯೊ ಕ್ಯಾಸೆಟ್ಟು ಬಾಡಿಗೆಗೆ ಕೊಡುತ್ತಿದ್ದ ಹುಡುಗ ಕೇಬಲ್ ಆಪರೇಟರ್ ಆದ. ಕಾನೂನು ಎಚ್ಚೆತ್ತು ಬಂದದ್ದು 1995ರಲ್ಲಿ. ಅಷ್ಟು ಹೊತ್ತಿಗೆ ಆತ ತಾರಸಿಯಿಂದ ತಾರಸಿಗೆ ವೈರ್ ಎಳೆದು ಮುಗಿಸಿದ್ದ. ಅವನ ಹತ್ತಿರ ಸರ್ಕಾರದ ಮೊಹರು ಬಿದ್ದ ಕಾಗದವೇನೂ ಇರಲಿಲ್ಲ. “ಅಜ್ಜಿ, ನಿಮ್ ಮಹಡಿ ಮೇಲೆ ಒಂದ್ ವೈರ್ ಹೋಗ್ಲಾ?” ಎಂಬ ಒಂದು ಮಾತಿತ್ತು. ಆಂಪ್ಲಿಫೈಯರಿಗೆ ಕರೆಂಟು ಕೊಟ್ಟ ಮನೆಗೆ ಕನೆಕ್ಷನ್ನು ಪುಕ್ಕಟೆ. 1994ರಲ್ಲಿ ಉದಯ ಟೀವಿ ಶುರುವಾದ ಮೇಲಂತೂ ಅಜ್ಜಿಯೇ ಅವನನ್ನು ಕೂಗಿ ಕರೆದು ವೈರ್ ಎಳೆಸಿಕೊಂಡಿರಬೇಕು.

ನಮ್ಮ ಸೀಮೆಯ ಬ್ರಾಡ್‌ಬ್ಯಾಂಡ್ ಕಂಪನಿಗಳ ಮೂಲ ಬಂಡವಾಳ ಈ ಅಜ್ಜಿಯ ಒಪ್ಪಿಗೆಯೇ ಎಂಬುದು ನನ್ನ ವಾದ. ಫೈಬರ್ ಎಂಬ ಗಾಜಿನ ಎಳೆಯನ್ನು ದುಡ್ಡಿದ್ದವರು ಯಾರಾದರೂ ಕೊಳ್ಳಬಹುದು. ತಾರಸಿ ಹತ್ತಲು ಬಿಡುವ ವಿಶ್ವಾಸ ಯಾವ ಟೆಂಡರಿನಲ್ಲೂ ಸಿಗುವುದಿಲ್ಲ. 2013ರ ಮಾರ್ಚ್ 31ರ ಗಡುವಿನೊಂದಿಗೆ ಬೆಂಗಳೂರು, ಮೈಸೂರುಗಳಿಗೆ ಸೆಟ್‌ಟಾಪ್ ಬಾಕ್ಸು ಕಡ್ಡಾಯವಾಗಿ, ಅತ್ತ ಡಿಟಿಎಚ್ ತಟ್ಟೆಗಳು ಬಾಲ್ಕನಿ ಬಾಲ್ಕನಿಯಲ್ಲಿ ಮೊಳೆತು, ಕೇಬಲ್ಲಿನವನ ಟೀವಿ ವ್ಯಾಪಾರ ಸೊರಗಿತು. ಆದರೆ ದಾರಿ ಅವನದೇ ಇತ್ತಲ್ಲ! ಅದೇ ದಾರಿಯಲ್ಲಿ ಇಂಟರ್ನೆಟ್ ಓಡಿಸಿದ. 2000ದಲ್ಲಿ ಬೆಂಗಳೂರಿನಲ್ಲಿ ಕೇಬಲ್ ಟೀವಿ ಕಂಪನಿಯಾಗಿ ಹುಟ್ಟಿದ ಏಟ್ರಿಯಾ ಕನ್ವರ್ಜೆನ್ಸ್, ನಾವೆಲ್ಲ ಆ್ಯಕ್ಟ್ ಎನ್ನುತ್ತೇವಲ್ಲ, ಅದು ನಡೆದದ್ದೂ ಇದೇ ಮಾರ್ಗದಲ್ಲಿ. ಮೊದಮೊದಲು ಫೈಬರನ್ನು ಕಟ್ಟಡದ ಬುಡದವರೆಗೆ ತಂದು, ಅಲ್ಲಿಂದ ಮನೆಯೊಳಕ್ಕೆ ಮಾಮೂಲಿ ನೆಟ್‌ವರ್ಕ್ ವೈರ್ ಬಿಡುತ್ತಿತ್ತು. 2017ರಲ್ಲಿ ಹೈದರಾಬಾದಿನಲ್ಲಿ ಮನೆಗಳಿಗೇ ಸೆಕೆಂಡಿಗೆ 1 ಗಿಗಾಬಿಟ್ ಕೊಡುತ್ತೇವೆಂದು ಹೊರಟಾಗ ದೊಡ್ಡ ದೊಡ್ಡ ಕಂಪನಿಗಳೂ ತಿರುಗಿ ನೋಡಿದವು.

ಗಿಗಾಬಿಟ್ ಎಂದಾಗ ನೆನಪಾಯಿತು. 2004ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ಎಂದು ಕರೆದದ್ದು ಸೆಕೆಂಡಿಗೆ 256 ಕಿಲೋಬಿಟ್ಟಿನ ಸಂಪರ್ಕವನ್ನು. ಮುಂದಿನ ಜನವರಿಯಲ್ಲಿ ಬಿಎಸ್‌ಎನ್‌ಎಲ್ ಡೇಟಾಒನ್ ತಂದಿತು. ಅದರಲ್ಲಿ ಒಂದು ಪ್ಲಾನು ಬಂತು: ಹಗಲು ಅಳೆದು ಸುರಿದಷ್ಟೇ, ರಾತ್ರಿ ಎರಡರಿಂದ ಬೆಳಗಿನ ಎಂಟರವರೆಗೆ ಎಷ್ಟು ಬೇಕಾದರೂ. ಮಕ್ಕಳು ಬ್ರಾಹ್ಮೀ ಮುಹೂರ್ತಕ್ಕೂ ಮುಂಚೆ ಎದ್ದು ಕೂತದ್ದನ್ನು ಕಂಡು ಎಷ್ಟೋ ಮನೆಗಳಲ್ಲಿ ಅಪ್ಪಂದಿರು ಹಿಗ್ಗಿದರು. ಹುಡುಗರು ಸಿನಿಮಾ ಇಳಿಸಿಕೊಳ್ಳುತ್ತಿದ್ದರು. ಈ ದೇಶದ ಕಾಗದಪತ್ರಗಳಲ್ಲಿ ಬ್ರಾಡ್‌ಬ್ಯಾಂಡಿನ ಕನಿಷ್ಠ ವೇಗ 2 ಮೆಗಾಬಿಟ್ಟಿಗೆ ಏರಿದ್ದು 2023ರಲ್ಲಿ. ಅಂದರೆ ಬೀದಿಯ ಕೇಬಲ್ಲಿನ ಹುಡುಗ ನೂರು ಮೆಗಾಬಿಟ್ಟಿನ ಪ್ಲಾನು ಮಾರುತ್ತಿದ್ದ ಕಾಲದಲ್ಲಿ!

ಈ ಹುಡುಗನ ಕೆಲಸವನ್ನು ಹತ್ತಿರ ನಿಂತು ನೋಡಬೇಕು. ಮನೆಯ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಎಲ್‌ಓಎಸ್ ಎಂಬ ಕಡೆ ಕೆಂಪು ದೀಪ ಮಿನುಗತೊಡಗಿದರೆ ಮನೆಮಂದಿಗೆಲ್ಲ ಸೂತಕ. ಅವನು ಬರುತ್ತಾನೆ, ಬೈಕಿನಲ್ಲಿ, ಹೆಗಲಿಗೊಂದು ಬ್ಯಾಗು. ಮೊದಲು ಮೀಟರು ಸಿಕ್ಕಿಸುತ್ತಾನೆ. “ಪವರ್ ಇಲ್ಲ ಸಾರ್, ಮೈನಸ್ ಮೂವತ್ತು ತೋರಿಸ್ತಿದೆ” ಎನ್ನುತ್ತಾನೆ. ಕರೆಂಟು ಇದೆಯಲ್ಲಪ್ಪ ಎಂದು ನಾವು ಫ್ಯಾನು ತೋರಿಸುತ್ತೇವೆ. ಅವನು ಹೇಳುತ್ತಿರುವುದು ಬೆಳಕಿನ ಬಲದ ಲೆಕ್ಕ. ಮೈನಸ್ ಇಪ್ಪತ್ತರ ಆಸುಪಾಸಿನಲ್ಲಿದ್ದರೆ ಕ್ಷೇಮ, ಮೂವತ್ತಕ್ಕೆ ಇಳಿದರೆ ಪೆಟ್ಟಿಗೆಗೆ ಕಣ್ಣು ಕಾಣದು. ಆಮೇಲೆ ಪೆನ್ನಿನಂಥದೊಂದು ತೆಗೆದು ಕೆಂಪು ಲೇಸರನ್ನು ಎಳೆಯೊಳಕ್ಕೆ ಬಿಡುತ್ತಾನೆ. ಎಲ್ಲಿ ಮುರಿದಿದೆಯೋ ಅಲ್ಲಿ ಕೆಂಪಗೆ ಸೋರುತ್ತದೆ. ಹಾಗೆ ಸೋರುವ ಜಾಗ ಹತ್ತರಲ್ಲಿ ಒಂಬತ್ತು ಸಲ ಯಾರೋ ಸೋಫಾ ಸರಿಸಿ ಮಡಿಸಿಟ್ಟ ಮೂಲೆ.

ಬೀದಿಯಲ್ಲೇ ತುಂಡಾಗಿದ್ದರೆ ಬ್ಯಾಗಿನಿಂದ ಸ್ಪ್ಲೈಸಿಂಗ್ ಮಷೀನು ಹೊರಬರುತ್ತದೆ. ಬೈಕಿನ ಸೀಟೇ ಮೇಜು. ಎಳೆಯ ದಪ್ಪ ಮಿಲಿಮೀಟರಿನ ಎಂಟನೇ ಒಂದು ಪಾಲು. ಬೆಳಕು ಓಡುವುದು ಅದರ ನಟ್ಟನಡುವಿನ ಸುಮಾರು 9 ಮೈಕ್ರಾನಿನಲ್ಲಿ. ಎರಡು ತುದಿಗಳನ್ನು ಸಿಪ್ಪೆ ಸುಲಿದು, ಸ್ಪಿರಿಟ್ಟಿನಲ್ಲಿ ಒರೆಸಿ, ನೇರ ಕತ್ತರಿಸಿ, ಮಷೀನಿನೊಳಗೆ ಎದುರುಬದುರು ಇಟ್ಟರೆ ಒಂದು ಕಿಡಿ ಹಾರಿ ಗಾಜು ಕರಗಿ ಬೆಸೆಯುತ್ತದೆ. ಪಕ್ಕದಲ್ಲಿ ಬಿಎಂಟಿಸಿ ಬಸ್ಸು ಹಾರನ್ ಹೊಡೆಯುತ್ತಿರುತ್ತದೆ, ಮೇಲಿಂದ ಹೊಂಗೆ ಹೂ ಉದುರುತ್ತಿರುತ್ತದೆ. ಅಕ್ಕಸಾಲಿಗನ ಕೆಲಸವನ್ನು ಚರಂಡಿಯ ಕಲ್ಲಿನ ಮೇಲೆ ನಿಂತು ಮಾಡುವವನು ಇವನು. ಆ ಒಂದು ಎಳೆ ಮುಂದೆ ಸ್ಪ್ಲಿಟರಿನಲ್ಲಿ ಕವಲೊಡೆದು 32 ಮನೆಗೋ 64 ಮನೆಗೋ ಹಂಚಿಹೋಗುತ್ತದೆ. ಬರುವ 2.5 ಗಿಗಾಬಿಟ್ಟನ್ನು ಅಷ್ಟೂ ಮನೆಯವರು ಹಂಚಿಕೊಂಡು ಉಣ್ಣಬೇಕು. ನಮ್ಮದೇ ಸ್ವಂತ ಲೈನು ಎಂದು ಬೀಗುವವರಿಗೆ ಈ ಮಾತು ಗೊತ್ತಿದ್ದರೆ ಒಳ್ಳೆಯದು.

ಇಷ್ಟು ಕಷ್ಟಪಟ್ಟು ಬೆಸೆದದ್ದಕ್ಕೆ ಶತ್ರುಗಳು ಎಷ್ಟು! 2015ರಲ್ಲಿ ವಾರಾಣಸಿಯ ಗಂಗೆಯ ದಂಡೆಯಲ್ಲಿ ಹಾಕಿದ ಫೈಬರನ್ನು ಕೋತಿಗಳು ತಿಂದುಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ಅಮೆರಿಕದ ಲೆವೆಲ್ 3 ಎಂಬ ಕಂಪನಿ 2011ರಲ್ಲಿ ತನ್ನ ಕೇಬಲ್ಲಿಗಾದ ಹಾನಿಯಲ್ಲಿ ಶೇಕಡಾ 17 ಅಳಿಲುಗಳದ್ದೇ ಎಂದು ಲೆಕ್ಕ ಕೊಟ್ಟಿತ್ತು. ಅದೇ ವರ್ಷ ಜಾರ್ಜಿಯಾ ದೇಶದ ಒಬ್ಬ ಮುದುಕಿ ತಾಮ್ರ ಸಿಕ್ಕೀತೆಂದು ಗುದ್ದಲಿ ಹಾಕಿ, ಪಕ್ಕದ ಆರ್ಮೇನಿಯಾದ ಬಹುಭಾಗಕ್ಕೆ ಹಲವು ಗಂಟೆ ಇಂಟರ್ನೆಟ್ ಇಲ್ಲದಂತೆ ಮಾಡಿದಳು. ನಮ್ಮಲ್ಲಿ ನೀರಿನ ಪೈಪಿನವರು, ಒಳಚರಂಡಿಯವರು, ಕೊಂಬೆ ಕಡಿಯುವವರು, ಬಾಳೆಕಂದು ಕಟ್ಟಿಕೊಂಡು ಬರುವ ಆಯುಧಪೂಜೆಯ ಲಾರಿಗಳು. ಗಣಪತಿ ಮೆರವಣಿಗೆಯಲ್ಲಿ ಬಿದಿರು ಕೋಲು ಹಿಡಿದು ತಂತಿಗಳನ್ನು ಮೇಲೆತ್ತುತ್ತಾ ಮುಂದೆ ನಡೆಯುವ ಹುಡುಗನೊಬ್ಬನಿರುತ್ತಾನೆ, ನೋಡಿದ್ದೀರಲ್ಲ? ಬಡಾವಣೆಯ ಇಂಟರ್ನೆಟ್ಟು ಆ ಹೊತ್ತಿನಲ್ಲಿ ಅವನ ಕೈಯಲ್ಲಿ.

ಇನ್ನೊಂದು ಕಡೆ ಪಾಲಿಕೆ. ಮರಕ್ಕೂ ಕಂಬಕ್ಕೂ ಅಡ್ಡಾದಿಡ್ಡಿ ಕಟ್ಟಿದ ಫೈಬರ್ ಕೇಬಲ್ಲುಗಳನ್ನು ಆಗಾಗ ಕತ್ತರಿಸಿ ಹಾಕುತ್ತದೆ, ಬೆಸ್ಕಾಂನವರೂ ಹಾಗೆಯೇ. ಅವರದು ತಪ್ಪೆನ್ನಲಾರೆ. ತಗ್ಗಿ ಜೋತ ಕೇಬಲ್ಲು ಬೈಕಿನವರ ಕುತ್ತಿಗೆಗೇ ಬರುತ್ತದೆ. ಹಾಗಾದರೆ ನೆಲದಡಿ ಹೂಳಲಿ ಎನ್ನುತ್ತೀರಿ. ಹೂಳಲು ರಸ್ತೆ ಅಗೆಯಬೇಕು, ಅಗೆಯಲು ಅನುಮತಿ ಬೇಕು, ಅನುಮತಿಗೆ ಶುಲ್ಕ ಕಟ್ಟಬೇಕು, ಕಟ್ಟಿ ಅಗೆದ ಮೇಲೆ ಊರವರ ಬೈಗುಳ ತಿನ್ನಬೇಕು. ಜಾಲ ಕಟ್ಟುವ ಖರ್ಚಿನಲ್ಲಿ ಗಾಜಿನದು ಚಿಲ್ಲರೆ, ಗುದ್ದಲಿಯದೇ ಗಂಟು. ತಂತಿ ಹಾಯುವ ಹಕ್ಕಿಗೆ ಬಹುಕಾಲ ನಾವು ನಂಬಿದ್ದು ಬ್ರಿಟಿಷರ 1885ರ ಟೆಲಿಗ್ರಾಫ್ ಕಾಯ್ದೆಯನ್ನು. ಅದರಡಿ ದಾರಿಹಕ್ಕಿನ ನಿಯಮ ಬಂದದ್ದು 2016ರಲ್ಲಿ, ಹೊಸ ಟೆಲಿಕಾಂ ಕಾಯ್ದೆ 2023ರಲ್ಲಿ.

ಕೇರಳದವರು ಜಾಣರು. 2023ರ ಜೂನ್ 5ರಂದು ಉದ್ಘಾಟನೆಯಾದ ಕೆ-ಫೋನ್ ಎಂಬ ತಮ್ಮ ಸರ್ಕಾರಿ ಜಾಲವನ್ನು ರಾಜ್ಯದ ವಿದ್ಯುತ್ ಮಂಡಳಿಯ ಕಂಬಗಳ ಮೇಲೇ ಓಡಿಸಿದರು. ಕಂಬದ ಯಜಮಾನನೇ ಪಾಲುದಾರನಾದರೆ ಅಪ್ಪಣೆ ಯಾರನ್ನು ಕೇಳುವುದು? ಇಪ್ಪತ್ತು ಲಕ್ಷ ಬಡ ಕುಟುಂಬಗಳಿಗೆ ಪುಕ್ಕಟೆ ಕೊಡುವುದು ಅದರ ಗುರಿ. ಇಂಗ್ಲೆಂಡಿನ ಲ್ಯಾಂಕಶೈರಿನ ಹಳ್ಳಿಗರದು ಇನ್ನೂ ಸೊಗಸು. ದೊಡ್ಡ ಕಂಪನಿ ತಮ್ಮ ಕಡೆ ಬರುವುದಿಲ್ಲ ಎಂದು ಖಾತ್ರಿಯಾದಾಗ 2011ರಲ್ಲಿ ‘ಬ್ರಾಡ್‌ಬ್ಯಾಂಡ್ ಫಾರ್ ದಿ ರೂರಲ್ ನಾರ್ತ್’ ಎಂಬ ತಮ್ಮದೇ ಸಂಘ ಕಟ್ಟಿ, ಷೇರು ಹಾಕಿ, ಹೊಲದ ನಡುವೆ ಪೈಪು ಹೂಳಲು ಬಾಡಿಗೆ ಕೇಳದೆ ಬಿಟ್ಟುಕೊಟ್ಟರು. ಎಷ್ಟೋ ಕಡೆ ತಾವೇ ಅಗೆದರು. ಕುರಿ ಮೇಯುವ ಆ ಗುಡ್ಡಗಳ ಮನೆಗಳಿಗೆ ಸೆಕೆಂಡಿಗೆ 1 ಗಿಗಾಬಿಟ್ ಬಂತು.

ನಮ್ಮ ಮಲೆನಾಡಿಗೆ ಬರೋಣ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಮಕ್ಕಳು ಸಿಗ್ನಲ್ಲು ಹುಡುಕಿ ಗುಡ್ಡ ಹತ್ತಿ, ಕೊಡೆಯಡಿ ಕೂತು ಪಾಠ ಕೇಳಿದರು. ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಒಪ್ಪಿದ್ದು 2011ರಲ್ಲಿ. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರೂ ಬಂತು. ಪಂಚಾಯಿತಿ ಆಫೀಸಿನವರೆಗೆ ಎಳೆ ಬಂದರೂ ಅಲ್ಲಿಂದ ತೋಟದ ಮನೆಗೆ ಎರಡು ಗುಡ್ಡ, ಒಂದು ಹಳ್ಳ. ಅದನ್ನು ದಾಟಿಸಿದವರು ಯಾರು? ಬಿಎಸ್‌ಎನ್‌ಎಲ್ ತನ್ನ ಫೈಬರಿನ ಕೊನೆಯ ಗಾವುದವನ್ನು ಆದಾಯ ಹಂಚಿಕೊಳ್ಳುವ ಕರಾರಿನ ಮೇಲೆ ಸ್ಥಳೀಯರಿಗೆ ವಹಿಸಿತು, ಅವರಲ್ಲಿ ಎಷ್ಟೋ ಜನ ಹಳೇ ಕೇಬಲ್ಲಿನವರು. ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕೇಬಲ್ಲು ಕಟ್ಟಿಕೊಂಡು ಹೋದವರು ಅವರೇ. ಆಷಾಢದ ಗಾಳಿಗೆ ಒಂದು ಸೋಗೆ ಬಿದ್ದರೆ ಸಾಕು, ಊರೇ ಬಂದ್. ಬೆಂಗಳೂರಿನ ಕಾಲ್ ಸೆಂಟರಿಗೆ ಫೋನು ಮಾಡಿ ‘ಭಟ್ಟರ ತೋಟದ ಸಂಕದ ಹತ್ತಿರ ಕಟ್ಟಾಗಿದೆ’ ಎಂದರೆ ಯಾರಿಗೆ ಅರ್ಥವಾದೀತು? ಸಂಕ ಗೊತ್ತಿದ್ದವನು ಜಿಗಣೆ ಕಚ್ಚಿಸಿಕೊಂಡು ಬರುತ್ತಾನೆ.

ದೊಡ್ಡ ಕಂಪನಿಗಳು ಈಗ ಎಲ್ಲ ಊರಿಗೂ ಬರುತ್ತಿವೆ, ಮೂರು ತಿಂಗಳು ಫ್ರೀ, ಓಟಿಟಿ ಫ್ರೀ ಎನ್ನುತ್ತವೆ. ಬರಲಿ, ಪೈಪೋಟಿಯಿಂದ ನಮಗೇನೂ ನಷ್ಟವಿಲ್ಲ. ಆದರೆ ಹೊಸ ಕನೆಕ್ಷನ್ನಿಗೆ ಸಹಿ ಹಾಕುವ ಮುಂಚೆ ವೇಗ ಎಷ್ಟೆಂದು ಕೇಳಿ ಸುಮ್ಮನಾಗಬೇಡಿ. ಮಳೆಗಾಲದಲ್ಲಿ ಕೇಬಲ್ಲು ತುಂಡಾದರೆ ಬರುವವರು ಯಾರು, ಅವರ ಮನೆ ಯಾವ ಬೀದಿಯಲ್ಲಿ ಎಂದು ಕೇಳಿ, ನಂಬರು ಬರೆದಿಟ್ಟುಕೊಳ್ಳಿ. ಹಾಗೆಯೇ ಅವನು ಬಂದು ತಾರಸಿ ಬಾಗಿಲಿನ ಕೀಲಿ ಕೇಳಿದರೆ ದಯವಿಟ್ಟು ಸತಾಯಿಸದೆ ಕೊಡಿ.